ಬೇಲೂರಿನ ರೂವಾರಿ ಯಾರು? ಜನರ ಉತ್ತರವೂ ಯಂತ್ರದ ಉತ್ತರವೂ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು ಬೇಲೂರುಗಳಿಗೆ ತೆರಳುವ ಯಾತ್ರಿಕರು ಕೇಳುವ ಪ್ರಶ್ನೆಗಳಲ್ಲಿ ಅಗ್ರಗಣ್ಯವಾದುದು, ಈ ಗುಡಿಗಳನ್ನು ಕಡೆದವರಾರು ಎಂಬುದು. ಜಕಣಾಚಾರಿಯೆಂಬ ಉತ್ತರವು ತಲೆತಲಾಂತರದಿಂದ ಸಿದ್ಧವಾಗಿಯೇ ಇದೆ. ಆದರೆ ಕ್ರಿ. ಶ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ, ಮದನಿಕೆಯರ ಪೀಠಗಳ ಮೇಲೆ ಶಿಲ್ಪಿಗಳು ತಾವೇ ಕೊರೆದಿಟ್ಟ ಹೆಸರುಗಳು ಬೇರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮತ್ತಿತರರು. ಊರು, ತಂದೆ, ಬಿರುದುಗಳನ್ನೂ ಕೆತ್ತಿ, ಈ ಕೃತಿಗೆ ತಾವು ಹೊಣೆಯೆಂದು ಸಾರಿದ ಆ ರೂವಾರಿಗಳ ನಡುವೆ ಜಕಣಾಚಾರಿಯ ಹೆಸರು ಕಾಣದು.

ಅಪಾರ ಬರಹರಾಶಿಯಿಂದ ಯಾವ ಮಾತಿನ ಬೆನ್ನಿಗೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಕಲಿತು, ಆ ಬಲದಿಂದಲೇ ವಾಕ್ಯಗಳನ್ನು ಹೆಣೆಯುವ ಇಂದಿನ ಉತ್ತರಯಂತ್ರಗಳಲ್ಲಿ, ನೂರು ಕಡೆ ಬರೆಯಲ್ಪಟ್ಟ ಐತಿಹ್ಯವು ಪೀಠದ ಮೇಲಿನ ಒಂದು ಸಾಲನ್ನು ಮುಚ್ಚಿಬಿಡುವ ಅಪಾಯವು ರಚನೆಯಲ್ಲಿಯೇ ಅಡಗಿದೆ. ಜಾಲವನ್ನು ಹುಡುಕಿ ಆಧಾರ ತೋರಿಸುವ ಯಂತ್ರಗಳು ಮೇಲಾದರೂ, ಜಾಲಕ್ಕೇರದ ಶಾಸನ ಅವಕ್ಕೂ ಅಗೋಚರವೇ.

ಮನುಷ್ಯರು ತಪ್ಪರೆ? ಜಕಣಾಚಾರಿಯ ಕಥೆಯನ್ನು ಹಬ್ಬಿಸಿದವರೂ ಮನುಷ್ಯರೇ. ಆದರೂ ಆ ಕಥೆಯ ಒಡಲಲ್ಲಿಯೇ ಒಂದು ವಿವೇಕವುಂಟು: ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಡಂಕಣನೆಂಬ ಹುಡುಗನು ಮಹಾಶಿಲ್ಪಿ ಜಕಣಾಚಾರಿಯ ಇದಿರು ನುಡಿದಾಗ, ಹಿರಿತನವನ್ನು ನೆಚ್ಚದೆ ಗಂಧವನ್ನು ಲೇಪಿಸಿ ನೋಡಿದರು, ಒಣಗದೆ ಉಳಿದ ನಾಭಿಯ ಎಡೆಯಲ್ಲಿ ಕಪ್ಪೆಯಿತ್ತು. ಉತ್ತರವನ್ನು ಎಲ್ಲರ ಸಮಕ್ಷಮದಲ್ಲಿ ಪರೀಕ್ಷೆಗೊಡ್ಡುವ ಈ ಪದ್ಧತಿಯೇ ಜನರ ಪ್ರಶ್ನೋತ್ತರದ ಜೀವಾಳವೆಂದು ನಾನು ಭಾವಿಸುತ್ತೇನೆ.

ನಮ್ಮ ಕಾಲದಲ್ಲಿ ಇದರ ಶ್ರೇಷ್ಠ ನಿದರ್ಶನ, 1991ರಲ್ಲಿ ಪ್ರಜಾವಾಣಿಯಲ್ಲಿ ಆರಂಭವಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅಂಕಣ. ಓದುಗರು ಪದಗಳ ಅರ್ಥವನ್ನೂ ರೂಪವನ್ನೂ ಕುರಿತು ಕೇಳುತ್ತಿದ್ದರು. ನಿಘಂಟಿನ ಕಾರ್ಯದಲ್ಲಿ ಆಯುಸ್ಸನ್ನು ಸವೆಸಿದ ವಿದ್ವಾಂಸರು ತಮ್ಮ ಹೆಸರಿನಲ್ಲಿ ಉತ್ತರವೀಯುತ್ತಿದ್ದರು. ತಪ್ಪಿದರೆ ಯಾರನ್ನು ಕೇಳಬೇಕೆಂಬುದು ಓದುಗನಿಗೆ ತಿಳಿದಿತ್ತು. ಯಂತ್ರಕ್ಕೆ ವೇಗವಿದೆ, ತಾಳ್ಮೆಯಿದೆ, ನಡುರಾತ್ರಿಯಲ್ಲಿ ಕೇಳಿದ ಬಾಲಕನನ್ನೂ ಅದು ಹಿಂದಟ್ಟದು. ಇದು ಅಲ್ಪ ಉಪಕಾರವಲ್ಲ. ಹೊಣೆಯೊಂದು ಅದಕ್ಕಿಲ್ಲ.

ಆದುದರಿಂದ ಕನ್ನಡದ ಉತ್ತರಯಂತ್ರಗಳನ್ನು ಕಟ್ಟುವವರಲ್ಲಿ ನನ್ನ ವಿನಂತಿಯಿಷ್ಟು: ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟವನ್ನು ಮೊದಲು ಯಂತ್ರಕ್ಕೆ ಓದಿಸಿರಿ; ಬೇಲೂರನ್ನು ಕುರಿತ ಪ್ರತಿಯೊಂದು ಉತ್ತರದ ಕೆಳಗೆ ಶಾಸನದ ಸಂಖ್ಯೆಯನ್ನೂ, ಓದುಗನು ಆಕ್ಷೇಪವನ್ನು ಬರೆಯಲು ಎಡೆಯನ್ನೂ ಇಡಿರಿ.