ಎನ್.ಆರ್.ಪುರದ ಬೋರ್ಡು ಮತ್ತು ‘ರಾಜರ ಕಾಲ’

ಕೊಪ್ಪದಲ್ಲಿ ಬಸ್ಸಿನ ಬೋರ್ಡು ‘ಎನ್.ಆರ್.ಪುರ’ ಅನ್ನುತ್ತೆ. ಆ ಊರಿನ ಹಳೇ ಹೆಸರು ಎಡೇಹಳ್ಳಿ. ಈಗಿನದು ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜರ ಹೆಸರು. ಅವರು ಪಟ್ಟಕ್ಕೆ ಬರಲೇ ಇಲ್ಲ.

‘ರಾಜರ ಕಾಲ’ ಅಂದಾಗ ಬ್ರಿಟಿಷರು ಇರಲೇ ಇಲ್ಲ ಅನ್ನೋ ಹಾಗೆ ಮಾತಾಡ್ತೀವಿ. ಆದರೆ 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕಿತ್ತು. ಕಂದಾಯದ ಹೊರೆ ತಾಳದೆ 1830ರಲ್ಲಿ ಇದೇ ಮಲೆನಾಡಿನ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಕಾರಣ ಮಾಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಕಿತ್ತುಕೊಂಡ. ಮುಂದಿನ 50 ವರ್ಷ ಕಮಿಷನರುಗಳ ಆಳ್ವಿಕೆ.

1881ರಲ್ಲಿ ರಾಜ್ಯ ವಾಪಸ್ ಬಂತು, ಷರತ್ತುಗಳ ಜೊತೆಗೆ: ಆಡಳಿತ ಪದ್ಧತಿ ಬದಲಿಸಲು ಗವರ್ನರ್ ಜನರಲ್ ಒಪ್ಪಿಗೆ ಬೇಕು. ಅದೇ ವರ್ಷ ಶುರುವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ಅಹವಾಲು ಹೇಳಬಹುದಿತ್ತು, ತೀರ್ಮಾನ ಮಾಡುವಂತಿರಲಿಲ್ಲ. ಶೃಂಗೇರಿಯಲ್ಲಿ ಇನ್ನೊಂದು ಪದರ, ಮಠದ ಜಹಗೀರು.

ಒಡೆಯರು ಒಳ್ಳೇದು ಮಾಡಲಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ರೆಸಿಡೆಂಟ್, ದಿವಾನ, ಜಹಗೀರುದಾರ, ಇವರಲ್ಲಿ ಯಾರನ್ನೂ ವೋಟು ಹಾಕಿ ಇಳಿಸೋ ಹಕ್ಕು ರೈತನಿಗಿರಲಿಲ್ಲ. ‘ರಾಜರೇ ವಾಸಿ’ ಅನ್ನೋ ಮುಂಚೆ ಇದು ನೆನಪಿರಲಿ.