ನಲ್ಲೂರಿನ ಹುಣಸೆ ತೋಪು: ಕಾಲನಿರ್ಣಯ ಮತ್ತು ಜನಸ್ಮೃತಿ

ಬೆಂಗಳೂರು ಗ್ರಾಮಾಂತರ ಜಿಲ್ಲೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿರುವ ಸುಮಾರು 54 ಎಕರೆಯ ಹುಣಸೆ ತೋಪನ್ನು 2002ರ ಜೀವವೈವಿಧ್ಯ ಕಾಯಿದೆಯನ್ವಯ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಈ ಮನ್ನಣೆ ಪಡೆದ ದೇಶದ ಮೊದಲ ತಾಣವಿದು. ಮುನ್ನೂರರ ಆಸುಪಾಸಿನಷ್ಟು ಮರಗಳ ನಡುವೆ ಪಾಳುಬಿದ್ದ ಚೆನ್ನಕೇಶವ ದೇಗುಲವಿದೆ.

ತೋಪು ಚೋಳರ ಕಾಲದ್ದು, ಎಂಟುನೂರು ವರ್ಷ ಹಳೆಯದು ಎಂಬ ಹೇಳಿಕೆ ಊರಿನವರ ಮಾತಿನಲ್ಲೂ ಬರಹಗಳಲ್ಲೂ ಬಳಕೆಯಲ್ಲಿದೆ. ಈ ಎರಡು ಮಾತುಗಳು ಪರಸ್ಪರ ಹೊಂದುವುದಿಲ್ಲ. ಹೊಯ್ಸಳ ವಿಷ್ಣುವರ್ಧನನು 1116ರ ಸುಮಾರಿಗೆ ತಲಕಾಡನ್ನು ಗೆದ್ದ ಬಳಿಕ ಗಂಗವಾಡಿಯಲ್ಲಿ ಚೋಳರ ಹಿಡಿತ ಕುಸಿಯಿತು. ಎಂಟುನೂರು ವರ್ಷವೆಂದರೆ ಹೊಯ್ಸಳರ ಕಾಲವೇ ಆಗುತ್ತದೆ. ಇಂಗಾಲ ಕಾಲಮಾಪನವಾದರೋ ಇಲ್ಲಿನ ಹಳೆಯ ಮರವೊಂದಕ್ಕೆ ನಾನೂರು ವರ್ಷಗಳಿಗೆ ತುಸು ಹೆಚ್ಚಿನ ವಯಸ್ಸನ್ನು ಸೂಚಿಸಿದೆ.

ಆದರೆ ಇಷ್ಟರಿಂದಲೇ ಜನರ ಮಾತನ್ನು ತಳ್ಳಿಹಾಕುವುದು ಅವಸರವಾದೀತು. ಮುಪ್ಪಿನಲ್ಲಿ ಹುಣಸೆಯ ಬೊಡ್ಡೆ ಟೊಳ್ಳಾಗುತ್ತದೆ. ಮರದ ಅತ್ಯಂತ ಹಳೆಯ ತಿರುಳೇ ಇಲ್ಲವಾಗಿ, ಉಳಿದ ಭಾಗ ಮಾತ್ರ ಪರೀಕ್ಷೆಗೆ ಸಿಗುತ್ತದೆ. ಇಲ್ಲಿ ಉರುಳಿದ ಬೊಡ್ಡೆಗಳಿಂದ ಹೊಸ ಚಿಗುರೆದ್ದಿವೆ, ನೆಲಕ್ಕೆ ತಾಗಿದ ಕೊಂಬೆಗಳು ಬೇರುಬಿಟ್ಟು ಬೇರೆ ಮರಗಳಾಗಿವೆ. ಹೀಗಾಗಿ ಒಂದು ಮರದ ವಯಸ್ಸು ತೋಪಿನ ವಯಸ್ಸಾಗಲಾರದು.

ಇನ್ನು 'ಚೋಳ' ಎಂಬ ಹೆಸರು. ಕಟ್ಟಿಸಿದವರಾರೆಂದು ತಿಳಿಯದ ಗುಡಿಯನ್ನು ಈ ಭಾಗದ ಜನ ಚೋಳರದೆನ್ನುವುದುಂಟು, ಬೇರೆಡೆ ಜಕಣಾಚಾರಿಗೋ ಪಾಂಡವರಿಗೋ ಸಲ್ಲಿಸುವಂತೆ. ಅದು ರಾಜವಂಶದ ಹೆಸರಿಗಿಂತ ಹೆಚ್ಚಾಗಿ 'ಎಣಿಕೆಗೆ ನಿಲುಕದಷ್ಟು ಹಿಂದೆ' ಎಂಬುದರ ಸೂಚಕ. ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆಯನ್ನು ಚೋಳರು ನಿಜವಾಗಿಯೂ ಆಳಿದ್ದರಿಂದ ಆ ಹೆಸರೇ ಇಲ್ಲಿನವರ ನಾಲಗೆಯ ಮೇಲೆ ನಿಂತಿರಬಹುದು.