ಉಳುಕಿದ ಕಾಲು ಮತ್ತೆ ಬೆಟ್ಟ ಏರುವ ಮುನ್ನ

ಪಾದದ ಕೀಲು ಉಳುಕಿದ ಚಾರಣಿಗರಲ್ಲಿ ಅನೇಕರು ನೋವು ಮಾಯವಾದೊಡನೆ ಗುಣವಾಯಿತೆಂದು ಭಾವಿಸುತ್ತಾರೆ. ಇದು ಅವಸರದ ತೀರ್ಮಾನ. ಉಳುಕಿನಲ್ಲಿ ಸಾಮಾನ್ಯವಾಗಿ ಘಾಸಿಗೊಳ್ಳುವುದು ಕೀಲಿನ ಹೊರಬದಿಯ ಅಸ್ಥಿರಜ್ಜು, ಅಂದರೆ ಲಿಗಮೆಂಟ್. ಜತೆಗೆ, ಪಾದ ಹೇಗೆ ವಾಲಿದೆ ಎಂಬುದನ್ನು ಮೆದುಳಿಗೆ ತಿಳಿಸುವ ಸಂವೇದನೆಯೂ ಮಂಕಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಈ ಕೊರತೆ ಗೊತ್ತಾಗದು. ಸಡಿಲ ಕಲ್ಲಿನ ಮೇಲೆ ಹೆಜ್ಜೆಯಿಟ್ಟಾಗ ಗೊತ್ತಾಗುತ್ತದೆ.

ಆದ್ದರಿಂದ ವೈದ್ಯರ ಅನುಮತಿ ದೊರೆತ ಬಳಿಕ ಮೊದಲು ಬೇಕಾದುದು ಓಟವಲ್ಲ, ಒಂಟಿ ಕಾಲಿನ ನಿಲುವು. ಗೋಡೆಯ ಪಕ್ಕದಲ್ಲಿ 30 ಸೆಕೆಂಡ್ ಅಲುಗಾಡದೆ ನಿಲ್ಲಲು ಸಾಧ್ಯವಾದ ಮೇಲೆ ಕಣ್ಣು ಮುಚ್ಚಿ, ಅನಂತರ ಮಡಿಸಿದ ಕಂಬಳಿಯ ಮೇಲೆ ನಿಲ್ಲಬೇಕು. ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮ ಮೀನಖಂಡಕ್ಕೆ ಬಲ ನೀಡುತ್ತದೆ.

ನಿಜವಾದ ಪರೀಕ್ಷೆ ಇಳಿಜಾರಿನದು. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೊರಟವರು ಸುಮಾರು ಒಂದೂವರೆ ಸಾವಿರ ಮೀಟರ್ ಏರಿ, ಅಷ್ಟನ್ನೂ ಇಳಿಯಬೇಕು. ಏರುವಾಗ ಸೋಲುವುದು ಉಸಿರು. ಇಳಿಯುವಾಗ ದಣಿದ ತೊಡೆ ದೇಹದ ಭಾರ ತಡೆಯಲಾರದೆ ಕಾಲು ತಪ್ಪುತ್ತದೆ. ಅಲ್ಲಿ ಮತ್ತೆ ಉಳುಕಿದರೆ ಹೊತ್ತೊಯ್ಯಲು ವಾಹನ ಬಾರದು. ಲಿಫ್ಟ್‌ನಲ್ಲಿ ಮೇಲೇರಿ ಮೆಟ್ಟಿಲಲ್ಲಿ ಇಳಿಯುವುದು ನಗರವಾಸಿಗಳಿಗೆ ಉತ್ತಮ ಅಭ್ಯಾಸ (ನೆರೆಯವರು ನಕ್ಕರೆ ನಗಲಿ). ಬೆನ್ನಿನ ಚೀಲಕ್ಕೆ ನೀರಿನ ಬಾಟಲಿಗಳನ್ನು ವಾರಕ್ಕೊಂದರಂತೆ ಸೇರಿಸುತ್ತ ಹೋಗಬಹುದು. ಮರುದಿನ ಕೀಲು ಊದಿದ್ದರೆ ಹಿಂದಿನ ವಾರದ ಭಾರಕ್ಕೇ ಮರಳಬೇಕು. ಊತ ಇಳಿಯದಿದ್ದರೆ ವೈದ್ಯರಿಗೆ ತೋರಿಸುವುದು ಲೇಸು.

ಕುಮಾರಪರ್ವತವೇ ಗುರಿಯಾದರೂ ಮೊದಲ ಸಲ ದಾರಿಮಧ್ಯದ ಗಿರಿಗದ್ದೆಯ ಭಟ್ಟರ ಮನೆಯವರೆಗೆ ಹೋಗಿ ಹಿಂದಿರುಗಿದರೆ ಸಾಕು.